ಉಪವಾಸ, ಹಸಿವು ಮತ್ತು ಪರಿಮಾಣ

ಅಷ್ಟಮಿ, ಚತುರ್ದಶಿಗಳಂದು ಆಹಾರವನ್ನು ತ್ಯಜಿಸಿದ ಶ್ರಾವಕನೂ, ಕೂಲಿ ದೊರೆಯದೆ ಬರಿಹೊಟ್ಟೆಯಲ್ಲಿ ಮಲಗಿದ ಬಡವನೂ ಹೊರನೋಟಕ್ಕೆ ಸಮಾನರು. ಆದರೆ ಶ್ರಾವಕನಿಗೆ ಮರುದಿನದ ಪಾರಣೆ ನಿಶ್ಚಿತ. ಬಡವನಿಗೆ ಆ ನಿಶ್ಚಯವಿಲ್ಲ. ಸ್ವೇಚ್ಛೆಯಿಂದ ಬಿಟ್ಟ ಅನ್ನ ತಪಸ್ಸೆನಿಸುತ್ತದೆ, ಇಲ್ಲದ ಅನ್ನ ದುಃಖವೇ ಆಗುತ್ತದೆ. ಈ ದುಃಖವನ್ನು ಅಳೆಯುವುದು ಹೇಗೆ?

ಭಾರತದಲ್ಲಿ ಬಡತನವನ್ನು ಬಹುಕಾಲ ಆಹಾರದ ಆಧಾರದಿಂದಲೇ ಅಳೆಯಲಾಯಿತು. 1979ರಲ್ಲಿ ಅಂದಿನ ಯೋಜನಾ ಆಯೋಗದ ಕಾರ್ಯಪಡೆಯು ಗ್ರಾಮವಾಸಿಗೆ ದಿನಕ್ಕೆ 2400, ನಗರವಾಸಿಗೆ 2100 ಕ್ಯಾಲೊರಿ ಅಗತ್ಯವೆಂದು ನಿಗದಿಪಡಿಸಿತು. ಅಷ್ಟು ಆಹಾರ ಪಡೆಯುತ್ತಿದ್ದ ಕುಟುಂಬಗಳ ವೆಚ್ಚವೇ ಬಡತನದ ರೇಖೆಯಾಯಿತು. 1973–74ರ ಬೆಲೆಗಳಲ್ಲಿ ಅದು ತಲೆಗೆ ತಿಂಗಳಿಗೆ ಹಳ್ಳಿಯಲ್ಲಿ 49.09 ರೂಪಾಯಿ, ಪಟ್ಟಣದಲ್ಲಿ 56.64 ರೂಪಾಯಿ. ಮುಂದೆ 2009ರಲ್ಲಿ ತೆಂಡೂಲ್ಕರ್ ಸಮಿತಿಯೂ 2014ರಲ್ಲಿ ರಂಗರಾಜನ್ ಸಮಿತಿಯೂ ಬೇರೆ ಬೇರೆ ಕ್ರಮಗಳನ್ನು ಸೂಚಿಸಿದವು. 2011–12ನೆಯ ಸಾಲಿನಲ್ಲಿ ಮೊದಲನೆಯ ಕ್ರಮದಂತೆ ಬಡವರು ನೂರಕ್ಕೆ 21.9, ಎರಡನೆಯದರಂತೆ 29.5. ಹಸಿದವರು ಅವರೇ, ರೇಖೆಯಷ್ಟೇ ಬೇರೆ.

ಹಾಗೆಂದು ಅಳತೆ ವ್ಯರ್ಥವೆನ್ನಲಾಗದು. ಅಳೆಯದೆ ಹೋದರೆ ಬಡವನು ರಾಜ್ಯದ ಕಣ್ಣಿಗೇ ಬೀಳನು. ಅನೇಕಾಂತದ ದೃಷ್ಟಿಯಲ್ಲಿ ಪ್ರತಿಯೊಂದು ಅಳತೆಯೂ ಒಂದು ನಯ. ಕುಟುಂಬದ ವೆಚ್ಚವನ್ನು ತಲೆಗೆ ಹಂಚಿ ಲೆಕ್ಕಹಾಕುವ ಕ್ರಮಕ್ಕೆ, ಎಲ್ಲರಿಗೂ ಬಡಿಸಿ ಕೊನೆಗೆ ಉಳಿದುದನ್ನು ಉಣ್ಣುವ ಗೃಹಿಣಿಯ ತಟ್ಟೆ ಕಾಣದು. ನೀತಿ ಆಯೋಗದ ಬಹುಆಯಾಮ ಬಡತನದ ಸೂಚ್ಯಂಕವು ಪೋಷಣೆ, ಶಾಲೆ, ಕುಡಿಯುವ ನೀರು, ಅಡುಗೆಯ ಇಂಧನ ಮೊದಲಾದ 12 ಅಂಶಗಳನ್ನು ನೋಡುತ್ತದೆ. ಅದರಂತೆ ಬಡವರ ಪ್ರಮಾಣ 2015–16ರಲ್ಲಿ ನೂರಕ್ಕೆ 24.85 ಇದ್ದುದು 2019–21ರಲ್ಲಿ 14.96ಕ್ಕೆ ಇಳಿಯಿತು. ಆದರೆ ಸಿರಿವಂತರಿಗೂ ಬಡವರಿಗೂ ನಡುವಿನ ಅಂತರವೆಷ್ಟೆಂಬುದನ್ನು ಈ ಯಾವ ರೇಖೆಯೂ ಹೇಳದು.

ಆ ಅಂತರದ ಪ್ರಶ್ನೆಗೆ ಶ್ರಾವಕಾಚಾರದಲ್ಲಿ ಉತ್ತರವುಂಟು. ಅವಮೌದರ್ಯ ತಪಸ್ಸಿಗಾಗಿ ಪೂರ್ಣಾಹಾರವೆಂದರೆ ಪುರುಷನಿಗೆ 32, ಸ್ತ್ರೀಗೆ 28 ತುತ್ತುಗಳೆಂದು ಎಣಿಸಿದ ಆಚಾರ್ಯರು, ಪರಿಗ್ರಹಕ್ಕೂ ಪರಿಮಾಣವನ್ನು ವಿಧಿಸಿದರು. ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ ಇವೆಲ್ಲಕ್ಕೂ ಗೃಹಸ್ಥನು ತಾನೇ ಮಿತಿ ಹಾಕಿಕೊಳ್ಳಬೇಕು. ಸರಕಾರದ ರೇಖೆ ಎಷ್ಟಕ್ಕಿಂತ ಕಡಿಮೆಯಾಗಬಾರದೆಂದು ಹೇಳಿದರೆ, ಅಣುವ್ರತದ ರೇಖೆ ಎಷ್ಟಕ್ಕೆ ಸಾಕೆನ್ನಬೇಕೆಂದು ಕೇಳುತ್ತದೆ. ಲಕ್ಷ ರೂಪಾಯಿ ಉಳ್ಳವನು ಕೋಟಿಯ ಪರಿಮಾಣವನ್ನು ಸ್ವೀಕರಿಸಿದರೆ ವ್ರತದ ಹೆಸರು ಉಳಿದೀತು, ಮೂರ್ಛೆ ಕರಗದು.

ಉಪವಾಸದ ಫಲ ಕರ್ಮನಿರ್ಜರೆ. ಅದರಿಂದ ನೆರೆಯವನ ಹಸಿವು ತಾನಾಗಿ ನೀಗದು. ಅದಕ್ಕೆ ಆಹಾರದಾನ ಬೇಕು, ಅದಕ್ಕಿಂತ ಮೊದಲು ನ್ಯಾಯವಾದ ಕೂಲಿ ಬೇಕು. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅನ್ನಪಾನ ನಿರೋಧವೂ ಒಂದು. ತನ್ನ ಅನ್ನವನ್ನು ತಡೆಯುವುದು ವ್ರತ. ಆಶ್ರಿತರ ಅನ್ನವನ್ನು ತಡೆಯುವುದು ವ್ರತಭಂಗದ ದಾರಿ. ದುಡಿದವನ ಕೂಲಿಯನ್ನು ಉಳಿಸಿಕೊಂಡು ದಶಲಕ್ಷಣ ಪರ್ವದಲ್ಲಿ ಹತ್ತು ದಿನ ಉಪವಾಸವಿದ್ದರೆ, ಆ ಮನೆಯಲ್ಲಿ ಉತ್ತಮ ತ್ಯಾಗದ ದಿನ ಯಾವ ಅರ್ಥದಲ್ಲಿ ಬಂದಂತಾಯಿತು? ಪಾರಣೆಗೆ ಕೂರುವ ಮೊದಲು ಪ್ರತಿ ಗೃಹಸ್ಥನೂ ಈ ಲೆಕ್ಕವನ್ನು ನೋಡಿಕೊಳ್ಳುವುದು ಶ್ರೇಯಸ್ಕರ.