ಬಡಿಗರ ಮಾತು ಬರೆದಿಡಿ

ಕಲಬುರಗಿ ಜಿಲ್ಲೆಯ ಸನ್ನತಿ, ಚಿತ್ತಾಪುರದ ಕಡೆ ಬಡಿಗರು ಬಾಗಿಲು ಕೂಡಿಸುವಾಗ ಆಡುವ ಮಾತಿಗೆ ತುಸು ಕಿವಿ ಕೊಡಿ. ರಂದಾ ಹೊಡಿ, ಪಟಾಸಿ ಕೊಡು, ಗುಣ್ಯಾ ಹಚ್ಚಿ ನೋಡು ಎನ್ನುತ್ತಿರುತ್ತಾರೆ. ರಂದಾ ಮರ ನುಣುಪು ಮಾಡುವುದು, ಪಟಾಸಿ ಎಂದರೆ ಉಳಿ, ಗುಣ್ಯಾ ಮೂಲೆ ನೇರವಿದೆಯೇ ಎಂದು ನೋಡುವುದು. ನಿಜಾಮರ ಕಾಲದ ಉರ್ದು, ನೆರೆಯ ಮರಾಠಿ, ಸೇಡಂ ಗಡಿಯಾಚೆಯ ತೆಲುಗು ಎಲ್ಲವೂ ಈ ಕಸುಬಿನೊಳಗೆ ಬಂದು ಕನ್ನಡವೇ ಆಗಿವೆ. ಕಲಬೆರಕೆ ಎಂದು ಮೂಗು ಮುರಿಯುವವರೂ ಇದ್ದಾರೆ. ಅವರ ಮನೆಯ ಬಾಗಿಲನ್ನೂ ಕೂಡಿಸಿದ್ದು ಇದೇ ಮಾತು.

ಬಾಗಿಲಿಗಿಂತ ಕೂರಿಗೆಯ ಮಾತು ಇನ್ನೂ ದೊಡ್ಡದು. ಜೋಳ, ತೊಗರಿಯ ಈ ಸೀಮೆಯಲ್ಲಿ ಬಿತ್ತನೆ ನಡೆದದ್ದೇ ಬಡಿಗ ಮಾಡಿಕೊಟ್ಟ ಕೂರಿಗೆಯಿಂದ. ಕೆಳಗೆ ದಿಂಡು, ಅದಕ್ಕೆ ತಾಳು, ಮೇಲೆ ಕಾಳು ಬಿಡುವ ಬಟ್ಟಲು. ಬಟ್ಟಲಿನ ತೂತುಗಳೆಲ್ಲ ಒಂದೇ ಅಳತೆಯಲ್ಲಿ, ಒಂದೇ ಇಳಿಜಾರಿನಲ್ಲಿ ಬರಬೇಕು. ಒಂದು ತೂತು ಎಳ್ಳಷ್ಟು ಹೆಚ್ಚುಕಡಿಮೆಯಾದರೂ ಮೊಳಕೆ ಬಂದಾಗ ಒಂದು ಸಾಲು ದಟ್ಟ, ಇನ್ನೊಂದು ಸಾಲು ಬೋಳು. ಅಷ್ಟು ಸೂಕ್ಷ್ಮದ ಕೆಲಸಕ್ಕೆ ಅಷ್ಟೇ ಸೂಕ್ಷ್ಮದ ಮಾತುಗಳು ಬೇಕಿದ್ದವು, ಹುಟ್ಟಿಕೊಂಡವು. ಈಗ ಟ್ರ್ಯಾಕ್ಟರಿನ ಹಿಂದೆ ಕಬ್ಬಿಣದ ಕೂರಿಗೆ ಬಂದಿದೆ. ರೈತನ ಬೆನ್ನಿಗೆ ಹಿತವೇ. ಮರದ ಕೂರಿಗೆ ಅಟ್ಟ ಸೇರಿತೆಂದು ಅಳಬೇಕಾಗಿಲ್ಲ. ಆದರೆ ಅದರ ಜೊತೆ ಮಾತೂ ಹೊರಟಿದೆ.

ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು 1995ರಲ್ಲಿ ಮುಗಿಯಿತು. ಶಾಸನ, ಕಾವ್ಯಗಳಿಂದ ಪದ ಹೆಕ್ಕಿದ ಮಹಾಕಾರ್ಯ ಅದು. ಬಡಿಗ ಕಾವ್ಯ ಬರೆಯಲಿಲ್ಲ, ಹೀಗಾಗಿ ಅವನ ಎಷ್ಟೋ ಮಾತು ಹೊರಗೇ ಉಳಿದವು. ಒಳಗೆ ಬಂದವಕ್ಕೂ ಹಲವು ಸಲ ‘ಬಡಗಿಯ ಒಂದು ಉಪಕರಣ’ ಎಂಬಷ್ಟೇ ಅರ್ಥ. ತೆಲುಗಿನಲ್ಲಿ ಭಾಷಾವಿಜ್ಞಾನಿ ಭದ್ರಿರಾಜು ಕೃಷ್ಣಮೂರ್ತಿಯವರು ರೈತರನ್ನೇ ಕೇಳಿಸಿ, ಬೇಸಾಯದ ವೃತ್ತಿಪದಕೋಶವನ್ನು 1962ರಲ್ಲೇ ತಂದರು. ನಮ್ಮಲ್ಲೂ ಇಂಥ ಸಂಗ್ರಹಗಳು ನಡೆದಿವೆ, ಆದರೆ ಊರೂರಿಗೂ ಬದಲಾಗುವ ಮಾತಿಗೆ ಪಂಡಿತರ ಕೈ ಎಷ್ಟೆಂದು ಸಾಲೀತು?

ಬರೆದಿಟ್ಟದ್ದು ಉಳಿಯುತ್ತದೆ ಎಂಬುದಕ್ಕೆ ಸನ್ನತಿಯೇ ಸಾಕ್ಷಿ. ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿದಾಗ, ಮೂರ್ತಿಯ ಕೆಳಗಿನ ಪೀಠದ ಕಲ್ಲೇ ಅಶೋಕನ ಶಾಸನವೆಂದು ತಿಳಿಯಿತು. ಮೂರ್ತಿ ನಿಲ್ಲಿಸಲು ಕೊರೆದ ತೂತಿನಲ್ಲಿ ಒಂದಷ್ಟು ಅಕ್ಷರ ಹೋಗಿದ್ದವು. ಕಲ್ಲಾದ್ದರಿಂದ ಮಿಕ್ಕದ್ದು ಎರಡು ಸಾವಿರ ವರ್ಷ ದಾಟಿ ಬಂತು. ಬಾಯಿಮಾತಿಗೆ ಆ ಆಯುಷ್ಯವಿಲ್ಲ. ಅದಕ್ಕೇ ಮುಂದಿನ ಸಲ ಬಡಿಗರು ಮನೆಗೆ ಬಂದಾಗ ಚಹಾ ಕೊಟ್ಟು, ಇದಕ್ಕೇನಂತೀರಿ ಕಾಕಾ ಎಂದು ಕೇಳಿ. ಶಾಲೆಗೆ ಹೋಗುವ ಮಗಳ ಕೈಯಲ್ಲಿ ಆ ಸಾಮಾನಿನ ಚಿತ್ರ ಬರೆಸಿ. ಪಕ್ಕದಲ್ಲಿ ಅವರಂದ ಹೆಸರು, ಊರು, ತಾರೀಖು ಇರಲಿ. ಅಕ್ಷರ ತಿದ್ದಬೇಡಿ, ಅವರು ಅಂದಂತೆಯೇ ಬರೆಯಿರಿ.