ಪಂಜರದ ಗಿಳಿ ಮತ್ತು ಬಂಧವೆಂಬ ಅತಿಚಾರ

ನಗರದ ಕೆಲವು ಶ್ರಾವಕಗೃಹಗಳ ಜಗಲಿಯಲ್ಲಿಯೂ ಇಂದು ತಂತಿಯ ಪಂಜರ ತೂಗುತ್ತಿರುತ್ತದೆ. ಒಳಗೆ ಹಸುರು, ಹಳದಿ, ನೀಲಿ ಬಣ್ಣದ ಪುಟ್ಟ ಗಿಳಿಗಳು. ಪೇಟೆಯಲ್ಲಿ ಇವನ್ನು ‘ಲವ್ ಬರ್ಡ್ಸ್’ ಎಂದು ಮಾರುವರಾದರೂ ಆ ಹೆಸರು ಆಫ್ರಿಕದ ಬೇರೊಂದು ಗಿಳಿಗೆ ಸೇರಿದುದು; ಇವು ಬಹುಮಟ್ಟಿಗೆ ಆಸ್ಟ್ರೇಲಿಯ ಮೂಲದ ಬಜರಿಗಾರ್ ಗಿಳಿಗಳು. ಕಾಳುನೀರಿಗೆ ಕೊರತೆಯಿಲ್ಲ, ಬೆಕ್ಕಿನ ಭಯವಿಲ್ಲ. ಹೀಗಿರುವಾಗ ಹಿಂಸೆ ಎಲ್ಲಿದೆ ಎಂದು ಗೃಹಸ್ಥನು ಕೇಳುತ್ತಾನೆ. ಪ್ರಶ್ನೆ ಪ್ರಾಮಾಣಿಕವಾದುದೇ.

ಉತ್ತರಕ್ಕೆ ಮೊದಲು ಆ ಜೀವದ ಸಹಜ ಸ್ಥಿತಿಯನ್ನು ಅರಿಯಬೇಕು. ಬಾಲವೂ ಸೇರಿ ಸುಮಾರು 18 ಸೆಂಟಿಮೀಟರ್ ಉದ್ದ, 30 ಗ್ರಾಂ ಆಸುಪಾಸಿನ ತೂಕ. ಸಹಜ ನೆಲೆಯಲ್ಲಿ ಇದರ ಮೈ ಹಸುರು, ಮುಖ ಹಳದಿ, ಬೆನ್ನಿನ ಮೇಲೆ ಕಪ್ಪು ಗೆರೆಗಳು, ಕಂಠದಲ್ಲಿ ಕರಿಮಣಿಯಂತಹ ಚುಕ್ಕೆಗಳು. ನೀಲಿ, ಬಿಳಿ ಗಿಳಿಗಳು ಮನುಷ್ಯನು ಆಯ್ದು ಬೆಳೆಸಿದವು: ಗರಿಯಲ್ಲಿನ ಹಳದಿ ವರ್ಣದ್ರವ್ಯ ಲೋಪಿಸಿದರೆ ಹಸುರು ನೀಲಿಯಾಗುತ್ತದೆ. ಆಸ್ಟ್ರೇಲಿಯದ ಒಳನಾಡಿನ ಒಣ ಬಯಲುಗಳಲ್ಲಿ ಇವು ನೀರನ್ನೂ ಹುಲ್ಲಿನ ಬೀಜವನ್ನೂ ಅರಸುತ್ತ ಬಹುದೂರ ಅಲೆಯುತ್ತವೆ. ಮಳೆ ಚೆನ್ನಾದ ವರ್ಷಗಳಲ್ಲಿ ಸಾವಿರ ಸಾವಿರ ಹಕ್ಕಿಗಳ ಹಿಂಡು ಒಂದೇ ಮೈಯೆಂಬಂತೆ ಆಕಾಶದಲ್ಲಿ ಹೊರಳುತ್ತದೆ. ಮರದ ಪೊಟರೆಯಲ್ಲಿ ಹೆಣ್ಣು ಕಾವು ಕುಳಿತಾಗ ಗಂಡು ಗುಟುಕು ತಂದು ಉಣಿಸುತ್ತದೆ. 1840ರಲ್ಲಿ ಪಕ್ಷಿತಜ್ಞ ಜಾನ್ ಗೌಲ್ಡ್ ಇವನ್ನು ಜೀವಂತವಾಗಿ ಇಂಗ್ಲೆಂಡಿಗೆ ಒಯ್ದನು. ಪಂಜರದ ಸಂತತಿ ಅಲ್ಲಿಂದ ಬೆಳೆಯಿತು.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಅನ್ನಪಾನಗಳನ್ನು ತಡೆಯುವುದು ಅವುಗಳಲ್ಲಿ ಕೊನೆಯದು, ಬಂಧವು ಮೊದಲನೆಯದು. ಕಾಳು ಹಾಕಿದ ಗೃಹಸ್ಥನು ಕೊನೆಯದರಿಂದ ಪಾರಾದನೇ ಹೊರತು ಮೊದಲನೆಯದರಿಂದಲ್ಲ. ಶ್ರಾವಕನೂ ದಿಗ್ವ್ರತವನ್ನು ಸ್ವೀಕರಿಸಿ ತನ್ನ ಸಂಚಾರಕ್ಕೆ ಎಲ್ಲೆ ಕಟ್ಟಿಕೊಳ್ಳುತ್ತಾನೆ, ನಿಜ. ಆದರೆ ಅದು ತಾನಾಗಿ ಒಪ್ಪಿದ ಎಲ್ಲೆ. ಗಿಳಿಯನ್ನು ಯಾರೂ ಕೇಳಲಿಲ್ಲ.

ಹಾಗಾದರೆ ಬಾಗಿಲನ್ನು ತೆರೆದುಬಿಡಬೇಕೆ? ಇಲ್ಲಿ ವಿಷಯ ಕಠಿಣವಾಗುತ್ತದೆ. ಪಂಜರದಲ್ಲೇ ಹುಟ್ಟಿದ ಹಕ್ಕಿಗೆ ಆಹಾರವನ್ನು ಅರಸುವ ಅಭ್ಯಾಸವಿಲ್ಲ, ಜೊತೆಗೆ ಹಿಂಡೂ ಇಲ್ಲ. ಪರ್ವದಿನದಂದು ಪುಣ್ಯಾರ್ಥವಾಗಿ ಹಾರಿಬಿಟ್ಟ ಗಿಳಿ ಸಂಜೆಯೊಳಗೆ ಕಾಗೆಯ ಪಾಲಾದರೆ ಅದನ್ನು ಅಭಯದಾನವೆನ್ನಲಾಗದು. ಕಣ್ಣಿಗೆ ಕಾಣದಿದ್ದ ಮಾತ್ರಕ್ಕೆ ಪ್ರಮಾದವು ದಯೆಯಾಗುವುದಿಲ್ಲ. ಬಿಡಿಸಲೆಂದೇ ಕೊಳ್ಳುವುದೂ ಸರಿಯಲ್ಲ. ಅಂಗಡಿಯವನು ಖಾಲಿಯಾದ ಜಾಗಕ್ಕೆ ಮತ್ತೊಂದು ಜೋಡಿಯನ್ನು ತರುತ್ತಾನೆ. ತಾನು ಹಿಡಿಯದಿದ್ದರೂ ಕೊಂಡವನಿಗೆ ಕಾರಿತದ ದೋಷ ತಪ್ಪದು.

ಈಗಾಗಲೇ ಮನೆಯಲ್ಲಿರುವ ಜೋಡಿಗೆ ರೆಕ್ಕೆ ಬಿಚ್ಚಿ ಹಾರುವಷ್ಟು ವಿಶಾಲವಾದ ಗೂಡನ್ನು ಕಟ್ಟಿಸಬಹುದು. ಮೊಟ್ಟೆಗೆಂದು ಕಟ್ಟಿದ ಪುಟ್ಟ ಮಡಕೆಯನ್ನು ತೆಗೆದರೆ ಇವು ಸಾಮಾನ್ಯವಾಗಿ ಮರಿ ಮಾಡುವುದಿಲ್ಲ. ಸಾಕಿದ ಬಜರಿಗಾರ್ ಐದರಿಂದ ಹತ್ತು ವರ್ಷ ಬದುಕುವುದುಂಟು. ಅಷ್ಟು ವರ್ಷ ಪ್ರತಿ ಬೆಳಿಗ್ಗೆ ಕಾಳು ಹಾಕಿ, ನೀರು ಬದಲಿಸಿ, ಕೊನೆಯ ಹಕ್ಕಿ ತೀರಿದ ಮೇಲೆ ಆ ಗೃಹಸ್ಥನು ಪಂಜರವನ್ನು ಜಗಲಿಯಿಂದ ಕೆಳಗಿಳಿಸಬೇಕು.