ಕತ್ತಲಾದ ಮೇಲೆ ದನಿ ತಗ್ಗಿಸುವುದು

ಅಮೆರಿಕದ ಅಯೋವಾ ರಾಜ್ಯದಲ್ಲಿ, ಮೆಕ್ಕೆಜೋಳದ ಹೊಲಗಳ ನಡುವೆ, ಮೂರು ಉಕ್ಕಿನ ಗೋಪುರಗಳು ಸಾಲಾಗಿ ನಿಂತಿವೆ. ಒಂದು ಪುಟ್ಟ ಊರಿನ ಎಎಂ ರೇಡಿಯೊ ಕೇಂದ್ರದವು. ಹದಿನಾಲ್ಕು ವರ್ಷಗಳಿಂದ ಅವುಗಳ ಆರೈಕೆ ನನ್ನದು. ನಾನು ಆ ಕೇಂದ್ರದ ನೌಕರನಲ್ಲ. ಇಂಥ ನಾಲ್ಕೈದು ಸಣ್ಣ ಕೇಂದ್ರಗಳನ್ನು ಗುತ್ತಿಗೆಯ ಮೇಲೆ ನೋಡಿಕೊಳ್ಳುವ ಎಂಜಿನಿಯರು. ಕನ್ನಡ ಕೂಟದ ಯುಗಾದಿ ಊಟದಲ್ಲಿ ಪಕ್ಕದವರು "ಈ ಕಾಲದಲ್ಲೂ ಎಎಂ ಯಾರ್ರೀ ಕೇಳ್ತಾರೆ?" ಎಂದು ಕೇಳದ ವರ್ಷವಿಲ್ಲ. ನಗುತ್ತ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತೇನೆ. ಆದರೆ ಆ ಪ್ರಶ್ನೆಯ ಇನ್ನೊಂದು ರೂಪ ಒಂದು ಚಳಿಗಾಲ ನನ್ನ ನಿದ್ದೆ ಕೆಡಿಸಿತ್ತು: ಯಾರೂ ದೂರು ಕೊಡದಿದ್ದರೆ, ಮಾಡಿದ್ದು ತಪ್ಪೇ?

ಮೊದಲು ಕೆಲಸದ ಬಗ್ಗೆ ಸ್ವಲ್ಪ ಹೇಳುತ್ತೇನೆ. ಎಎಂ ಗೋಪುರ ಆಂಟೆನಾವನ್ನು ಹೊತ್ತು ನಿಂತ ಕಂಬವಲ್ಲ. ಇಡೀ ಗೋಪುರವೇ ಆಂಟೆನಾ. ಅಷ್ಟೂ ಭಾರ ಬುಡದ ಒಂದು ಪಿಂಗಾಣಿ ಇನ್ಸುಲೇಟರಿನ ಮೇಲೆ ಕೂತಿರುತ್ತದೆ. ನೆಲದಡಿಯಲ್ಲಿ ಬಂಡಿಗಾಲಿಯ ಅರೆಕಾಲುಗಳಂತೆ ಸುತ್ತಲೂ ತಾಮ್ರದ ತಂತಿ ಹರಡಿರುತ್ತದೆ, ಸಾಮಾನ್ಯವಾಗಿ ಒಂದೊಂದು ಗೋಪುರಕ್ಕೆ 120. ಬುಡದ ಹುಲ್ಲು ಕತ್ತರಿಸಬೇಕು. ಗೂಡು ಕಟ್ಟಿದ ಇಲಿಗಳನ್ನು ಓಡಿಸಬೇಕು. ಸಿಡಿಲು ಹಾದುಹೋಗಲೆಂದು ಎರಡು ಲೋಹದ ಗುಂಡುಗಳ ನಡುವೆ ಬಿಟ್ಟ ಸಂದನ್ನು ಅಳೆಯಬೇಕು. ಬೇಲಿಯ ಬೀಗ ನೋಡಬೇಕು, ಒಳಗೆ ನುಗ್ಗಿದ ಮಗುವೊಂದು ಗೋಪುರವನ್ನು ಮುಟ್ಟಿದರೆ ಗತಿಯೇನು? ತುದಿಯ ಕೆಂಪು ದೀಪ ಆರಿದರೆ ವಿಮಾನಯಾನ ಇಲಾಖೆಗೆ ಕೂಡಲೇ ತಿಳಿಸಬೇಕು. ಆ ಮಗುವನ್ನಾಗಲಿ, ಆ ದೀಪ ನೋಡಿ ಪಕ್ಕಕ್ಕೆ ಸರಿದ ಪೈಲಟನ್ನಾಗಲಿ ನಾನು ಕಂಡವನಲ್ಲ. ಈ ಕೆಲಸದ ಬಹುಪಾಲು ಹೀಗೆ ಕಾಣದವರಿಗಾಗಿಯೇ.

ರಾತ್ರಿಯಾದರೆ ಕಾಣದವರ ಸಂಖ್ಯೆ ಇನ್ನೂ ಹೆಚ್ಚುತ್ತದೆ. ಹಗಲಿನಲ್ಲಿ ಸೂರ್ಯನ ಬಿಸಿಲಿಗೆ ಅಯಾನುಗೋಳದ ಕೆಳಪದರವೊಂದು ರೂಪುಗೊಂಡು, ಮೇಲಕ್ಕೆ ಹೋದ ಎಎಂ ತರಂಗಗಳನ್ನು ಹೀರಿಬಿಡುತ್ತದೆ. ಆಗ ನೆಲದ ಮೇಲೆ ತೆವಳಿದಷ್ಟು ದೂರವೇ ದೂರ. ಸೂರ್ಯ ಮುಳುಗಿದರೆ ಆ ಪದರ ಕರಗುತ್ತದೆ. ತರಂಗಗಳು ಇನ್ನೂ ಮೇಲಿನ ಪದರಗಳಿಗೆ ಬಡಿದು ನೂರಾರು, ಕೆಲವೊಮ್ಮೆ ಸಾವಿರಾರು ಕಿಲೋಮೀಟರು ಆಚೆ ಇಳಿಯುತ್ತವೆ. ನ್ಯಾಶ್‌ವಿಲ್‌ನ 650, ಬಾಸ್ಟನ್ನಿನ 1030 ಕಿಲೋಹರ್ಟ್ಸ್‌ನಂಥ 50 ಕಿಲೋವಾಟಿನ ದೊಡ್ಡ ಕೇಂದ್ರಗಳು ರಾತ್ರಿ ಹತ್ತಾರು ರಾಜ್ಯಗಳಿಗೆ ಕೇಳಿಸುವುದು ಹೀಗೆ. ಇದೇ ಕಾರಣಕ್ಕೆ ಸಣ್ಣ ಕೇಂದ್ರಗಳಲ್ಲಿ ಹೆಚ್ಚಿನವು ಸೂರ್ಯಾಸ್ತದ ಹೊತ್ತಿಗೆ ಶಕ್ತಿ ಇಳಿಸಬೇಕು, ಇಲ್ಲವೇ ದಿಕ್ಕು ಬದಲಿಸಬೇಕು, ಇಲ್ಲವೇ ಬಾಯಿ ಮುಚ್ಚಬೇಕು. ನಮ್ಮ ಕೇಂದ್ರಕ್ಕೆ ಹಗಲು ಒಂದೇ ಗೋಪುರದಿಂದ 5 ಕಿಲೋವಾಟ್. ರಾತ್ರಿ ಮೂರೂ ಗೋಪುರ ಸೇರಿ 500 ವಾಟ್, ಅದೂ ಪೂರ್ವ ದಿಕ್ಕನ್ನು ಬಿಟ್ಟು. ಆ ದಿಕ್ಕಿನಲ್ಲಿ, ಬಲು ದೂರದ ರಾಜ್ಯದಲ್ಲಿ, ಇದೇ ತರಂಗಾಂತರದ ಇನ್ನೊಂದು ಕೇಂದ್ರವಿದೆ. ರಾತ್ರಿ ನಾವು ದನಿ ತಗ್ಗಿಸಿದರೇ ಅಲ್ಲಿನವರಿಗೆ ಅವರ ಊರಿನ ದನಿ ಕೇಳಿಸೀತು.

ಆ ಚಳಿಗಾಲ ಊರಿನ ಶಾಲೆಯ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡ ಗೆಲ್ಲುತ್ತ ಹೊರಟಿತ್ತು. ಜನವರಿಯಲ್ಲಿ ಅಲ್ಲಿ ಐದು ಗಂಟೆಗೆಲ್ಲ ಕತ್ತಲೆ. ಪಂದ್ಯ ಶುರುವಾಗುವುದು ಏಳಕ್ಕೆ. ಊರ ಪೂರ್ವದ ಹೊಲಮನೆಗಳಿಗೆ ರಾತ್ರಿ ನಮ್ಮ ಪ್ರಸಾರ ಮುಟ್ಟುವುದೇ ಕಷ್ಟ. ಮಾಲೀಕರು ಸಜ್ಜನರು. "ಮೊಮ್ಮಗಳು ಆಡುವುದನ್ನು ಅಜ್ಜ ಅಜ್ಜಿ ಕೇಳಬೇಡವೇ? ಎರಡೇ ಗಂಟೆ. ಪಂದ್ಯ ಮುಗಿಯುವವರೆಗೆ ಹಗಲಿನ ಶಕ್ತಿಯಲ್ಲೇ ಇರಲಿ" ಎಂದರು. ರಾತ್ರಿಯ ಬದಲಾವಣೆಯನ್ನು ಗಡಿಯಾರಕ್ಕೆ ಜೋಡಿಸಿತ್ತು. ಆ ಜೋಡಣೆಯನ್ನು ನಾನೇ ತಪ್ಪಿಸಿದೆ. ಆರೇಳು ಪಂದ್ಯ ಹಾಗೆಯೇ ನಡೆದವು. ಊರವರು ಸಿಕ್ಕಲ್ಲಿ ಬೆನ್ನು ತಟ್ಟಿದರು. ನನಗೂ ಖುಷಿಯೇ ಆಯಿತು, ಸುಳ್ಳೇಕೆ ಹೇಳಲಿ?

ಫೆಬ್ರವರಿಯಲ್ಲಿ ಫಿನ್ಲೆಂಡಿನಿಂದ ಒಂದು ಇಮೇಲ್ ಬಂತು. ಅಲ್ಲಿನ ಲ್ಯಾಪ್ಲೆಂಡಿನಲ್ಲಿ, ತಿಂಗಳುಗಟ್ಟಲೆ ಬಿಸಿಲು ನೆಟ್ಟಗೆ ಕಾಣದ ಕಾಡಿನಲ್ಲಿ, ಸುಮಾರು ಒಂದು ಕಿಲೋಮೀಟರು ಉದ್ದದ ತಂತಿ ಎಳೆದು ದೂರದ ಕೇಂದ್ರಗಳನ್ನು ಹುಡುಕುವ ಹವ್ಯಾಸಿಗಳಿದ್ದಾರೆ. ಅವರಲ್ಲೊಬ್ಬರು ನಮ್ಮನ್ನು ಕೇಳಿದ್ದರು! 6,500 ಕಿಲೋಮೀಟರಿಗೂ ಹೆಚ್ಚು ದೂರದಿಂದ. ನಲವತ್ತು ಸೆಕೆಂಡಿನ ಧ್ವನಿಮುದ್ರಣ ಕಳಿಸಿ, ಕೇಳಿದ್ದು ನಿಮ್ಮನ್ನೇ ಎಂದು ದೃಢಪಡಿಸುವ ಕ್ಯೂಎಸ್‌ಎಲ್ ಕಾರ್ಡು ಕಳಿಸುವಿರಾ ಎಂದು ಕೇಳಿದ್ದರು. ಕಡಲಲೆಯಂಥ ಸದ್ದಿನ ನಡುವೆ ನಮ್ಮ ವೀಕ್ಷಕ ವಿವರಣೆಗಾರ ಏದುಸಿರು ಬಿಡುತ್ತಿದ್ದ; ಹಿಂದೆಯೇ ಊರಿನ ಪೀಠೋಪಕರಣದ ಅಂಗಡಿಯ ಜಾಹೀರಾತು. ನಾನೂ ಇದೇ ಹುಚ್ಚಿನವನು. ಎಷ್ಟೋ ರಾತ್ರಿ ಹೀಗೆ ಸೂಜಿ ತಿರುಗಿಸುತ್ತ ಕೂತವನು. ಮೈ ಜುಮ್ಮೆಂದಿತು. ಆಮೇಲೆ ಸಮಯ ನೋಡಿದೆ. ವಿಶ್ವಸಮಯ 01:40, ಅಂದರೆ ನಮ್ಮ ಸಂಜೆ 7:40. ಪಂದ್ಯದ ರಾತ್ರಿ. ಅವರು ಕೇಳಿದ್ದು ನಮ್ಮ ತಪ್ಪನ್ನು.

ಮಾಲೀಕರಿಗೆ ತೋರಿಸಿದೆ. "ನೋಡು, ನೀನು ಸುಮ್ಮನೆ ಹೆದರುತ್ತಿದ್ದೆ. ಊರಿಗೆ ಸಂತೋಷ, ಫಿನ್ಲೆಂಡಿಗೂ ಸಂತೋಷ. ತೊಂದರೆಯಾದ ಒಬ್ಬನನ್ನು ತೋರಿಸು" ಎಂದು ನಕ್ಕರು. ತೋರಿಸಲು ನನ್ನ ಬಳಿ ಯಾರೂ ಇರಲಿಲ್ಲ.

ರಾತ್ರಿ ಮಲಗಿದಾಗ ಒಬ್ಬರು ನೆನಪಾದರು. ನನ್ನಪ್ಪ. ಧಾರವಾಡದ ಕಡೆಯವರು, ಮುಂಬೈನ ಪರೇಲಿನಲ್ಲಿ ಗಿರಣಿ ಕೆಲಸ, ಚಾಳಿನ ಒಂದು ಖೋಲಿಯಲ್ಲಿ ನಾವು ಐದು ಜನ. 1950ರಲ್ಲಿ ಶುರುವಾದ ಧಾರವಾಡದ ಆಕಾಶವಾಣಿ ಹಗಲಿನಲ್ಲಿ ಅಲ್ಲಿಗೆ ಸಿಗುತ್ತಿರಲಿಲ್ಲ. ರಾತ್ರಿ ಊಟವಾದ ಮೇಲೆ ಅಲೆಅಲೆಯಾಗಿ ಬರುತ್ತಿತ್ತು. ಅಪ್ಪ ರೇಡಿಯೊಗೆ ಕಿವಿ ಹಚ್ಚಿ ಕೂಡುತ್ತಿದ್ದರು. ಕೆಲವು ರಾತ್ರಿ ಯಾವುದೋ ಗೊತ್ತಿಲ್ಲದ ಭಾಷೆಯ ದನಿ ಮೇಲೆ ಬಿದ್ದು ಎಲ್ಲವನ್ನೂ ಮುಚ್ಚಿಬಿಡುತ್ತಿತ್ತು. ಅಪ್ಪ ಪೆಟ್ಟಿಗೆಯನ್ನು ಅತ್ತ ತಿರುಗಿಸಿ, ಇತ್ತ ತಿರುಗಿಸಿ, ಕಡೆಗೆ "ಯಾರೋ ನಡುವ ಬಂದಾರ, ಇವತ್ತ ಊರ ಸಿಗೂದಿಲ್ಲ ಬಿಡು" ಎಂದು ಆರಿಸುತ್ತಿದ್ದರು. ಆ "ಯಾರೋ" ಯಾರೆಂದು ಅವರಿಗೆ ಗೊತ್ತಿರಲಿಲ್ಲ. ದೂರು ಕೊಡಬಹುದು ಎಂಬುದೇ ಗೊತ್ತಿರಲಿಲ್ಲ. ಆ ಕೇಂದ್ರದ ಎಂಜಿನಿಯರನ್ನು ಕೇಳಿದ್ದರೆ ಅವನೂ ಹೇಳುತ್ತಿದ್ದ, ತೊಂದರೆಯಾದ ಒಬ್ಬನನ್ನು ತೋರಿಸಿ ಎಂದು.

ಸಂತೋಷಪಟ್ಟವನು ಪತ್ರ ಬರೆಯುತ್ತಾನೆ. ದನಿ ಕಳೆದುಕೊಂಡವನು ಬರೆಯುವುದಿಲ್ಲ. ರೇಡಿಯೊ ಆರಿಸಿ ಮಲಗುತ್ತಾನೆ. ಹಾಗಾಗಿ ಬಂದ ಪತ್ರಗಳನ್ನು ಎಣಿಸಿ ಸರಿತಪ್ಪು ನಿರ್ಧರಿಸಿದರೆ ಲೆಕ್ಕ ಯಾವಾಗಲೂ ನಮ್ಮ ಪರವಾಗಿಯೇ ಬರುತ್ತದೆ. "ಈಗ ಎಎಂ ಯಾರು ಕೇಳುತ್ತಾರೆ" ಎಂದು ದನಿ ಏರಿಸುವವನು, ಕೇಳುತ್ತಿದ್ದ ನಾಲ್ಕು ಜನರನ್ನೂ ಓಡಿಸಿ ತನ್ನ ಮಾತನ್ನು ತಾನೇ ನಿಜ ಮಾಡುತ್ತಾನೆ. ನಿಯಮ ಮುರಿದರೆ ದಂಡ ಬಿದ್ದೀತೆಂಬ ಹೆದರಿಕೆ ಇದ್ದೇ ಇತ್ತು. ಆದರೆ ನನ್ನನ್ನು ಚುಚ್ಚಿದ್ದು ಅದಲ್ಲ. ಊರು ಬಿಟ್ಟು ಬಂದ ನಮ್ಮಂಥವರಿಗಲ್ಲದೆ ಇನ್ನಾರಿಗೆ ಗೊತ್ತು, ದೂರದ ದನಿಯೊಂದಕ್ಕೆ ಕಾಯುವುದು ಎಂದರೆ ಏನು? ಗೊತ್ತಿದ್ದೂ ಮಾಡಿದ್ದೆ.

ಫಿನ್ಲೆಂಡಿಗೆ ಉತ್ತರ ಬರೆದೆ. ನೀವು ಕೇಳಿದ್ದು ನಮ್ಮನ್ನೇ, ಆದರೆ ಆ ಹೊತ್ತಿನಲ್ಲಿ ನಾವು 500 ವಾಟಿನಲ್ಲಿರಬೇಕಿತ್ತು, 5 ಕಿಲೋವಾಟಿನಲ್ಲಿದ್ದೆವು, ತಪ್ಪು ನಮ್ಮದು ಎಂದು. ಕಾರ್ಡಿನಲ್ಲೂ ಹಾಗೆಯೇ ನಮೂದಿಸಿದೆ. ಕೇಂದ್ರದ ಲಾಗ್ ಪುಸ್ತಕದಲ್ಲಿ ಆ ಅಷ್ಟೂ ರಾತ್ರಿಗಳನ್ನು ದಾಖಲಿಸಿ, ಗಡಿಯಾರದ ಜೋಡಣೆಯನ್ನು ಮೊದಲಿನಂತೆ ಮಾಡಿದೆ. ಮಾಲೀಕರು ಒಂದು ವಾರ ಮಾತಾಡಲಿಲ್ಲ. ಫಿನ್ಲೆಂಡಿನವರು ಎರಡು ಸಾಲು ಬರೆದರು: ಮುಂದಿನ ಚಳಿಗಾಲ 500 ವಾಟಿಗೆ ಪ್ರಯತ್ನಿಸುತ್ತೇನೆ ಎಂದು. ಮೂರು ಚಳಿಗಾಲ ಕಳೆದಿವೆ. ಪತ್ರ ಬಂದಿಲ್ಲ.

ಇಲ್ಲಿಗೇ ಮುಗಿದಿದ್ದರೆ ನೀತಿಕಥೆಯಾಗುತ್ತಿತ್ತು. ಮುಂದಿನ ಪಂದ್ಯದ ಮರುದಿನವೇ ಪೂರ್ವದ ಹೊಲಮನೆಯ ಒಬ್ಬ ಅಜ್ಜಿ ಫೋನು ಮಾಡಿದರು. ಇಂಟರ್ನೆಟ್ ಅವರಿಗೆ ಒಗ್ಗದು. ಮೊಮ್ಮಗಳ ಪಂದ್ಯ ಕೇಳಿಸಲಿಲ್ಲ. ತಪ್ಪು ಮಾಡುತ್ತಿದ್ದಾಗ ಕಾಣದಿದ್ದ ನೊಂದ ಮುಖ, ತಪ್ಪು ತಿದ್ದಿಕೊಂಡಾಗ ಕಂಡಿತು. ಬಹುಶಃ ಅದಕ್ಕೇ ನಾವು ಹತ್ತಿರದವರಿಗಾಗಿ ದೂರದವರನ್ನು ಅಷ್ಟು ಸುಲಭವಾಗಿ ಮರೆಯುತ್ತೇವೆ. ಆದರೆ ದೂರದವರ ನೆಪ ಹೇಳಿ ಆ ಅಜ್ಜಿಗೆ ಬೆನ್ನು ತಿರುಗಿಸುವುದೂ ಸರಿಯಲ್ಲವಲ್ಲ.

ಭಾನುವಾರ ಮರದ ಚೌಕಟ್ಟೊಂದಕ್ಕೆ ತಂತಿ ಸುತ್ತಿ, ಹಳೆಯ ಕಂಡೆನ್ಸರೊಂದನ್ನು ಜೋಡಿಸಿ ಲೂಪ್ ಆಂಟೆನಾ ಮಾಡಿಕೊಂಡು ಅವರ ಮನೆಗೆ ಹೋದೆ. ಕತ್ತಲಾಗುವವರೆಗೆ ಕಾದು, ರೇಡಿಯೊದ ಪಕ್ಕ ಕಿಟಕಿಯಲ್ಲಿಟ್ಟು ಅತ್ತ ತಿರುಗಿಸಿದೆ, ಇತ್ತ ತಿರುಗಿಸಿದೆ. ದಕ್ಷಿಣದಿಂದ ನುಗ್ಗುತ್ತಿದ್ದ ಬೇರೊಂದು ಕೇಂದ್ರದ ದನಿ ಸಣ್ಣದಾಗಿ, ನಮ್ಮದು ಮೇಲೆ ಬಂತು. ಪೂರ್ತಿ ಅಲ್ಲ, ಮೂರರಲ್ಲಿ ಎರಡು ಮಾತು. "ಸಾಕು, ಅವಳ ಹೆಸರು ಕೇಳಿದರೆ ಸಾಕು" ಎಂದರು ಅಜ್ಜಿ. ಚೌಕಟ್ಟನ್ನು ಹೇಗೆ ತಿರುಗಿಸಬೇಕೆಂದು ಅವರಿಗೆ ತೋರಿಸಿಕೊಟ್ಟು ಮನೆಗೆ ಹೊರಟೆ.